ಅಂಚಿನಲ್ಲಿದ್ದ ಆರು ಜೀವಕೋಶಗಳು

ಐಲಿ ಕಂಗಾಸ್ ಮೂವತ್ತೊಂದು ವರ್ಷ ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಕುರ್ಚಿಯ ಮೇಲೆ ಕೂತು, ಊರ ಹೆಂಗಸರ ಗರ್ಭಕಂಠದಿಂದ ಕೆರೆದು ಗಾಜಿಗೆ ಸವರಿ ಕಳಿಸಿದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಕುರ್ಚಿ ಬದಲಾಯಿಸೋಣವೇ ಎಂದರೆ, "ನನ್ನ ಬೆನ್ನಿಗಿಲ್ಲದ ನೋವು ನಿಮಗ್ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾನು ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಇದ್ದವಳು. ಕಲಿತದ್ದೆಲ್ಲ ಅವಳಿಂದಲೇ, ಬೈಗುಳವೂ ಸೇರಿ.

ಮೊದಲ ದಿನವೇ ಕೇಳಿದ್ದಳು. "ಚರ್ಮ ಅನ್ನೋದು ಹೊರಗೆ ಮಾತ್ರ ಇರುತ್ತೆ ಅಂದ್ಕೊಂಡಿದೀಯಾ? ಒಳಗೂ ಇದೆ ಕಣೇ. ಬಾಯಿ, ಗಂಟಲು, ಕರುಳು, ಗರ್ಭಕೋಶ, ಎಲ್ಲಕ್ಕೂ ಒಂದೊಂದು ಹೊದಿಕೆ."

ಪುಸ್ತಕದವರು ಅದನ್ನು ಅನುಲೇಪಕ ಅಂಗಾಂಶ ಎನ್ನುತ್ತಾರೆ. ಐಲಿಗೆ ಅದು ಬರೀ ಹೊದಿಕೆ. ಸಂದಿಲ್ಲದಂತೆ ಒತ್ತೊತ್ತಾಗಿ ನಿಂತ ಜೀವಕೋಶಗಳು, ಅವುಗಳ ಅಡಿಗೆ ತೆಳ್ಳನೆಯ ಒಂದು ನೆಲ. ಹೊರಗಿನಿಂದ ಬಂದದ್ದೆಲ್ಲ ಮೊದಲು ತಾಗುವುದು ಈ ಹೊದಿಕೆಗೆ. ಸವೆಯುವುದೂ ಅದೇ, ಮತ್ತೆ ಮತ್ತೆ ಹೊಸದಾಗಿ ಹುಟ್ಟಬೇಕಾದದ್ದೂ ಅದೇ. ಹಾಗೆ ಹುಟ್ಟುತ್ತ ಹುಟ್ಟುತ್ತ ಎಲ್ಲೋ ಒಂದು ದಾರಿ ತಪ್ಪುತ್ತದೆ. ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಶುರುವಾಗುವುದು ಹೀಗೆಯೇ. "ನೆಲದ ಮೇಲಿರೋವರೆಗೂ ತೆಗೆದು ಬಿಸಾಡಬಹುದು. ನೆಲ ಒಡೆದು ಕೆಳಗಿಳೀತೋ, ಆಮೇಲೆ ದೇವರೇ ಗತಿ. ಅದಕ್ಕೆ ಮುಂಚೆ ಹಿಡಿಯೋದು ನಮ್ಮ ಕೆಲಸ" ಎಂದಿದ್ದಳು. ಸಂಶಯದ ಕೋಶ ಕಂಡರೆ ಗಾಜಿನ ಮೇಲೆ ಅದರ ಪಕ್ಕದಲ್ಲೊಂದು ಮಸಿಯ ಚುಕ್ಕೆ ಇಡಬೇಕು, ಡಾಕ್ಟರು ಬಂದು ನೋಡುತ್ತಾರೆ. ಏನೂ ಇಲ್ಲದಿದ್ದರೆ ಕಾರ್ಡಿಗೆ ನಮ್ಮದೇ ಸಹಿ.

ಅವಳಿಗೆ ಒಬ್ಬಳೇ ಗೆಳತಿ, ಲೆಂಪಿ ಪೆಲ್ಟೊ. ಗಂಡ ತಾಮ್ರದ ಗಣಿಯಲ್ಲಿದ್ದ, ಗಣಿ ಮುಚ್ಚಿದ ವರ್ಷವೇ ತೀರಿಕೊಂಡ. ಮಗಳು ಕಾರೀನಾಳನ್ನು ಸಾಕಲು ಲೆಂಪಿ ಶಾಲೆಯ ಅಡುಗೆಮನೆ ಸೇರಿದಳು. ಪ್ರತಿ ಶನಿವಾರ ಐಲಿಯ ಹಿತ್ತಲಿನ ಸೌನಾದಲ್ಲಿ, ಸೌದೆ ಉರಿಸಿ ಕಾಯಿಸಿದ ಹಬೆಕೋಣೆಯಲ್ಲಿ, ಇಬ್ಬರೂ ಬೆವರಿ, ಆಮೇಲೆ ಕಾಫಿ ಕುಡಿದು, ಏಲಕ್ಕಿ ಹಾಕಿದ ನಿಸು ರೊಟ್ಟಿ ತಿನ್ನುತ್ತ ಊರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಡಾಕ್ಟರೆಂದರೆ ಲೆಂಪಿಗೆ ಆಗದು. ಒಂದು ವರ್ಷ ಐಲಿಯೇ ಅವಳನ್ನು ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಗಾಜನ್ನು ನೋಡಿದವಳೂ ಐಲಿಯೇ.

ಆ ಶನಿವಾರ ಸೌನಾದಲ್ಲಿ ಲೆಂಪಿ ಕೇಳಿದಳಂತೆ, "ಗೊತ್ತಾಯ್ತೇನೇ ನನ್ನ ಬಂಡವಾಳ?"

"ನಿನ್ನ ನಾಲಿಗೆ ಒಂದು ಬಿಟ್ಟು ಎಲ್ಲಾ ಚೆನ್ನಾಗಿದೆ."

ಸೋಮವಾರ ಐಲಿ ನನಗೆ ಇದನ್ನು ಹೇಳಿಕೊಂಡು ನಕ್ಕಳು. ನಾನೂ ನಕ್ಕೆ.

ಆಮೇಲೆ ಮೂರು ವರ್ಷ ಲೆಂಪಿ ಡಾಕ್ಟರ ಬಾಗಿಲು ತುಳಿಯಲಿಲ್ಲ. ಮುಟ್ಟು ನಿಂತ ಮೇಲೂ ರಕ್ತ ಕಾಣಿಸತೊಡಗಿದಾಗ ಕಾರೀನಾ ಗೋಗರೆದಳು. "ಐಲಿ ನೋಡಿದಾಳಲ್ಲ, ಇನ್ಯಾವನು ನೋಡ್ಬೇಕು?" ಎಂಬುದೇ ಲೆಂಪಿಯ ಉತ್ತರ. ಐಲಿಗೆ ಮಾತ್ರ ಆ ರಕ್ತದ ವಿಷಯ ಹೇಳಲೇ ಇಲ್ಲ. ಕೊನೆಗೆ ಶಾಲೆಯ ಒಲೆಯ ಮುಂದೆ ಕುಸಿದು ಬಿದ್ದಳು. ಆಸ್ಪತ್ರೆಗೆ ತಂದು, ಗರ್ಭಕಂಠದ ಚೂರು ತೆಗೆದು ನೋಡಿದರೆ, ನೆಲ ಎಂದೋ ಒಡೆದುಹೋಗಿತ್ತು.

ಕ್ಯಾನ್ಸರ್ ಗೊತ್ತಾದರೆ ಆ ಹೆಂಗಸಿನ ಹಿಂದಿನ ಐದು ವರ್ಷದ ಗಾಜುಗಳನ್ನು ತೆಗೆದು ಮತ್ತೆ ನೋಡಬೇಕೆಂಬುದು ನಿಯಮ. ಲೆಂಪಿಯದು ಇದ್ದದ್ದೇ ಒಂದು ಗಾಜು. ಅದು ನನ್ನ ಕೈಗೆ ಬಂತು. ಬಲಗಡೆಯ ಅಂಚಿನಲ್ಲಿ ಗುಂಪುಗೂಡಿದ ಆರು ಕೋಶಗಳು, ಒಂದೊಂದರ ಕೇಂದ್ರವೂ ಊದಿ ಕಪ್ಪಗಾಗಿತ್ತು. ಪಕ್ಕದಲ್ಲಿ ಚುಕ್ಕೆ ಇರಲಿಲ್ಲ. ಕಾರ್ಡಿನಲ್ಲಿ ಐಲಿಯ ಸಹಿ ಇತ್ತು. ನನ್ನ ಕಣ್ಣಾದರೂ ಇಂಗಿಹೋಗಬಾರದಿತ್ತೇ ಎನಿಸಿತು.

"ಎದ್ದೇಳೇ, ನಾನು ನೋಡ್ತೀನಿ" ಎಂದಳು ಐಲಿ. ನನ್ನ ಜಾಗದಲ್ಲಿ ಕೂತು ತುಂಬ ಹೊತ್ತು ನೋಡಿದಳು. ಆಮೇಲೆ ಪೆನ್ನು ತೆಗೆದು, ಮೂರು ವರ್ಷದ ಹಿಂದೆ ಇಡಬೇಕಾಗಿದ್ದ ಚುಕ್ಕೆಯನ್ನು ಇಟ್ಟಳು.

"ಇಷ್ಟು ಯಾರ ಕಣ್ಣಿಗಾದರೂ ತಪ್ಪುತ್ತೆ. ನಮ್ಮಲ್ಲೇ ಇರಲಿ" ಎಂದರು ಡಾಕ್ಟರು. ಐಲಿ ಹಳೆಯ ಡೈರಿ ತೆಗೆದು ಆ ದಿನವನ್ನು ಹುಡುಕಿದಳು. ಜ್ವರವಿರಲಿಲ್ಲ, ಜಗಳವಿರಲಿಲ್ಲ, ಅವಸರವೂ ಇರಲಿಲ್ಲ. "ಏನಾದ್ರೂ ಆಗಿದ್ದಿದ್ರೆ ಎಷ್ಟೋ ವಾಸಿ ಇತ್ತು. ಸುಮ್ನೆ ಒಂದು ಮಂಗಳವಾರ ಕಣೇ" ಎಂದಳು. ಲೆಂಪಿಗೆ ಹೇಳಬೇಡಿ, ಹೇಳಿ ಈಗ ಆಗುವುದೇನಿದೆ ಎಂದು ನಾನು ಕೈಹಿಡಿದು ಬೇಡಿಕೊಂಡೆ. ಕೇಳಲಿಲ್ಲ. ಹಿಮ ಬೀಳುತ್ತಿತ್ತು, ಕಾರು ಓಡಿಸಿದವಳು ನಾನೇ.

ಲೆಂಪಿ ಅಡುಗೆಮನೆಯಲ್ಲಿ ಶಾಲು ಹೊದ್ದು ಕೂತಿದ್ದಳು. ಐಲಿ ನಿಂತುಕೊಂಡೇ ಎಲ್ಲ ಹೇಳಿದಳು.

"ಯಾಕೆ ಹೇಳ್ದೆ?" ಎಂದಳು ಲೆಂಪಿ.

"ಮುಚ್ಚಿಟ್ಕೊಂಡು ನಿನ್ನ ಮುಂದೆ ಹೆಂಗೆ ಕೂರ್ಲಿ?"

"ಅದು ನಿನ್ನ ಕಷ್ಟ. ನಿನ್ನ ಭಾರ ಇಳಿಸ್ಕೊಳ್ಳೋಕೆ ನನ್ನ ಮನೇನೇ ಬೇಕಾಗಿತ್ತಾ? ಇಷ್ಟೊತ್ತು ನನಗೆ ಕಾಯಿಲೆ ಇತ್ತು, ಗೆಳತೀನೂ ಇದ್ಲು. ಹೋಗು, ಎದುರಿಗೆ ನಿಲ್ಬೇಡ."

ಐಲಿ ಹೋದಳು. ಆಮೇಲೆ ಯಾವ ಶನಿವಾರವೂ ಅವಳ ಹಿತ್ತಲಲ್ಲಿ ಸೌನಾದ ಹೊಗೆ ಏಳಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಸತ್ಯ ಹೇಳಿದವಳ ಮೇಲೇ ಒಂದು ತೂಕ ಹೆಚ್ಚು.

ಮಾರ್ಚಿನಲ್ಲಿ ಕಾರೀನಾ ನೆಲಮಾಳಿಗೆಗೆ ಇಳಿದು ಬಂದಳು, ಕೈಯಲ್ಲಿ ಡಾಕ್ಟರು ಸವರಿ ಕೊಟ್ಟ ಗಾಜನ್ನಿಟ್ಟ ಡಬ್ಬಿ. "ಇದು ನಂದು ಆಂಟಿ. ನೀವೇ ನೋಡ್ಬೇಕಂತೆ, ಅಮ್ಮ ಕಳಿಸಿದ್ಲು. ಇನ್ಮೇಲೆ ನಿಮ್ಮ ಕಣ್ಣು ತಪ್ಪಲ್ಲ ಅಂದ್ಲು."

ಅದು ಕ್ಷಮೆಯೋ, ಚುಚ್ಚುಮಾತೋ, ನನಗೆ ಇಂದಿಗೂ ತಿಳಿಯದು. ಐಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಒಂದು ಗಾಜನ್ನು ಅಂಚಿನಿಂದ ಅಂಚಿಗೆ ನೋಡಿದಳು. ಊಟಕ್ಕೂ ಏಳಲಿಲ್ಲ. ಕೊನೆಗೆ ಗಾಜನ್ನೂ ಕಾರ್ಡನ್ನೂ ನನ್ನತ್ತ ತಳ್ಳಿದಳು.

"ಏನೂ ಇಲ್ಲ. ನೀನೂ ನೋಡು, ನೋಡಿ ಸಹಿ ಹಾಕು."

"ಲೆಂಪಿ ಕೇಳಿದ್ದು ನಿಮ್ಮನ್ನ."

"ನೋಡೋದು ನೋಡ್ದೆ. ಚೆನ್ನಾಗಿದೆ ಅಂತ ಬರೆಯೋಕೆ ಕೈ ಬರ್ತಿಲ್ಲ ಕಣೇ."

ಇಷ್ಟು ಹೇಳಿ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ನೋಡಿ ಸಹಿ ಹಾಕಿದೆ. ಮಾರನೆಯ ದಿನ ಐಲಿ ಕೆಲಸಕ್ಕೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಏಪ್ರಿಲ್ ಕೊನೆಗೆ ಲೆಂಪಿ ಹೋದಳು. ಮಣ್ಣು ಮಾಡಿದ ಮೇಲೆ ಚರ್ಚಿನಲ್ಲಿ ಕಾಫಿ ಕೊಟ್ಟರು. ಐಲಿ ಯಾರ ಮುಖವನ್ನೂ ನೋಡದೆ ಒಳಗೆ ಎಂಜಲು ಕಪ್ಪುಗಳನ್ನು ತೊಳೆಯುತ್ತಿದ್ದಳು. ಕಾರೀನಾ ನನ್ನನ್ನು ಬಾಗಿಲ ಮರೆಗೆ ಕರೆದಳು.

"ನನ್ನ ಕಾರ್ಡು ಬಂದ ದಿನ ಅಮ್ಮ ಕೇಳಿದ್ದು ಒಂದೇ, ಸಹಿ ಯಾರ್ದು ಅಂತ. ನಿಮ್ದು ಅಂತ ಗೊತ್ತಿದ್ರೂ ಐಲಿ ಆಂಟೀದು ಅಂದ್ಬಿಟ್ಟೆ. 'ಸದ್ಯ, ಕೆಲಸ ಬಿಟ್ಟಿಲ್ವಲ್ಲ ಅವಳು' ಅಂದು ಗೋಡೆ ಕಡೆ ತಿರುಗಿ ನಿದ್ದೆ ಮಾಡಿದ್ಲು. ತಪ್ಪು ಮಾಡಿದ್ನಾ?"

ಇಲ್ಲಮ್ಮ ಎಂದೆ. ಲೆಂಪಿಯ ಆ ಮಾತನ್ನು ಐಲಿಯ ಕಿವಿಗೆ ಹಾಕಿದರೆ ಅವಳ ಜೀವಕ್ಕೆ ಎಷ್ಟು ತಂಪಾದೀತೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿಲ್ಲ. ಹೇಳಿದರೆ ಅವಳು ಕೋಟು ತೊಟ್ಟು, ಸ್ಮಶಾನಕ್ಕೆ ನಡೆದು ಹೋಗಿ, ಕಲ್ಲಿನ ಮುಂದೆ ನಿಂತು, ಆ ಸಹಿ ನನ್ನದಲ್ಲ ಎಂದು ಲೆಂಪಿಗೆ ಹೇಳಿ ಬರುವಂಥವಳು.