ಟ್ಯಾಬಿನ ಮೇಲಿನ ಕ

ಕೋಲ್ಕತ್ತೆಯ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ನನ್ನ ಕೊರಳಿಗೆ ಬಿದ್ದದ್ದು ಹೇಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸಭೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು, ನಾನು ಚಹಾ ಕುಡಿಯುತ್ತಿದ್ದೆ, ಅಷ್ಟೇ. ಬ್ರೌಸರಿನ ನೆತ್ತಿಯ ಟ್ಯಾಬಿನಲ್ಲಿ, ಪುಟದ ಹೆಸರಿನ ಪಕ್ಕ, ಒಂದು ಪುಟಾಣಿ ಚಿತ್ರ ಕೂತಿರುತ್ತದಲ್ಲ, ನಮ್ಮದರಲ್ಲಿ ಅಲ್ಲಿ ದೀಪವಿತ್ತು. ಅಷ್ಟು ಸಣ್ಣದರಲ್ಲಿ ಅದು ದೀಪವೋ ಬದನೆಕಾಯಿಯೋ ತಿಳಿಯುತ್ತಿರಲಿಲ್ಲ. "ಬ್ಯಾರೆ ಹಾಕೋಣು, ಕನ್ನಡದ್ದೊಂದು ಕ ನೀನ ಬರದು ಕೊಡು" ಎಂದು ಮಗಳಿಗೆ ಹೇಳಿದೆ.

ಧಾರವಾಡದಿಂದ ಬಂದವರು ನಾವು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಸಾಲ್ಟ್ ಲೇಕ್ ಬಡಾವಣೆಯಲ್ಲಿ. ಕನ್ನಡ ಅರ್ಥವಾಗುತ್ತದೆ, ಆಡಲು ಸಂಕೋಚ. ಕೆಂಪು ಬಣ್ಣದಲ್ಲಿ ಒಂದು ಕ ಬರೆದುಕೊಟ್ಟಳು. ಅದರ ತಲೆಯ ಮೇಲೆ, ಶಾಲೆಯಲ್ಲಿ ಹಿಂದಿ, ಬಂಗಾಳಿ ಅಕ್ಷರಗಳಿಗೆ ಎಳೆಯುವ ಹಾಗೆ, ಉದ್ದನೆಯ ಅಡ್ಡಗೆರೆ. ನನಗೆ ನಗು ಬಂತು, ನಕ್ಕೂ ಬಿಟ್ಟೆ. ಆದರೆ ಆ ಗೆರೆ ನನಗೆ ಇಷ್ಟವಾಗಿತ್ತು. ತಿದ್ದದೆ ಹಾಗೆಯೇ ಸೈಟಿಗೆ ಏರಿಸಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಕ ಬಂತು. ಮಗಳದ್ದರಲ್ಲಿ ಬದನೆಕಾಯಿ ಕದಲಲಿಲ್ಲ. ಗಂಡನ ಆಫೀಸಿನಲ್ಲಿ ನೋಡಲು ಹೇಳಿದರೆ ಅಲ್ಲಿ ಎರಡೂ ಇಲ್ಲ, ಬರೀ ಬೂದು ಗೋಲ. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. "ಬಂದ್ ಮಾಡಿ ಚಾಲೂ ಮಾಡ್ರಿ, ಬರ್ತದ" ಎಂದರು. ಮಾಡಿದೆ, ಬರಲಿಲ್ಲ. ಒಂದೇ ಸೈಟು ಒಬ್ಬೊಬ್ಬರಿಗೆ ಒಂದೊಂದು ಮುಖ ತೋರಿಸಿದರೆ ಯಾವುದನ್ನು ನಂಬುವುದು? ನನಗೆ ತಲೆ ಚಿಟ್ಟು ಹಿಡಿಯಿತು.

"ನಿನ್ನ ಲ್ಯಾಪ್‌ಟಾಪ್‌ನಾಗ ಅಷ್ಟ ಹಾಕೀದಿ," ಎಂದಳು ಮಗಳು. "ನನ್ನ ಕ ಗಲತ್ ಅದ. ಎವ್ರಿಬಡಿ ನೋಡಿದ್ರ ನಿನಗ ಶೇಮ್."

"ಹಂಗಲ್ಲವಾ" ಎಂದೆ. ನಕ್ಕಿದ್ದಂತೂ ನಿಜ. ಬ್ರೌಸರು ಒಮ್ಮೆ ತಂದಿಟ್ಟುಕೊಂಡ ಚಿತ್ರವನ್ನೇ ತೋರಿಸುತ್ತಿರುತ್ತದಂತೆ, ಹೊಸದು ಬಂದಿದೆಯೇ ಎಂದು ಬೇಗ ವಿಚಾರಿಸುವುದೂ ಇಲ್ಲವಂತೆ ಎಂದು ಎಲ್ಲೋ ಓದಿ ಅವಳಿಗೆ ಹೇಳಿದೆ. ನನಗೇ ಅರೆಬರೆ ಅರ್ಥವಾದದ್ದನ್ನು ಅವಳು ಹೇಗೆ ನಂಬಿಯಾಳು? ನನ್ನೊಡನೆ ಕನ್ನಡದಲ್ಲಿ ಮಾತಾಡುವುದನ್ನೇ ಬಿಟ್ಟಳು. ಇನ್ನು ಆಡುವುದೇ ಇಲ್ಲವೇನೋ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಸಂಘದ ಯುಗಾದಿ ಊಟಕ್ಕೆ ಎದುರು ಮನೆಯ ವಯಸ್ಸಾದ ಬಂಗಾಳಿ ಹೆಂಗಸನ್ನೂ ಕರೆದಿದ್ದೆ. ಮಗಳು ಅವರನ್ನು ಕಾಕಿಮಾ ಎನ್ನುತ್ತಾಳೆ. ಊಟದ ಜಾಗದ ನಕ್ಷೆ ತೋರಿಸಲು ನಾವಿಬ್ಬರೂ ಅವರ ಮನೆಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ಮೊದಲ ಸಲ ನಮ್ಮ ಸೈಟು ತೆರೆದೆವು. ಮೇಲೆ ಕೆಂಪು ಕ, ಅಡ್ಡಗೆರೆ ಸಮೇತ. ದಿನಾ ತೆರೆದು ನೋಡುವವಳಿಗೆ ಹಳೆಯದು, ಕನ್ನಡದ ಗಂಧವೇ ಇಲ್ಲದವರಿಗೆ ಹೊಸದು. ಇದು ಯಾವ ನ್ಯಾಯವೋ ನನಗಂತೂ ಬಗೆಹರಿಯಲಿಲ್ಲ.

ಕಾಕಿಮಾ ಕನ್ನಡಕ ಸರಿಮಾಡಿಕೊಂಡು ಆ ಚಿತ್ರಕ್ಕೆ ಬೆರಳು ತೋರಿಸಿದರು. "ಏಟಾ ಕೀ?" ಇದೇನು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಬಂಗಾಳಿಯಲ್ಲಿ ಹೇಳಿದಳು, ಅದು ನಮ್ಮ ಕ ಎಂದು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ಕನ್ನಡದಲ್ಲಿ:

"ಆ ಗೆರಿ ತಗೀಬ್ಯಾಡಮ್ಮಾ."