ತ್ರಿವೇಣಿ ಅಳೆದ ಪುಲ್ಲಿಯ ಚೂರು

ಹಿಂದೂಪುರದ ಬಸ್ ನಿಲ್ದಾಣದ ಹಿಂದೆ ತ್ರಿವೇಣಿಯ ಲೇತ್ ಅಂಗಡಿ. ನೇಕಾರರ ಮನೆಯ ಮಗಳು. ಮಗ್ಗ ಬಿಟ್ಟು ಐಟಿಐ ಓದಿ, ಹದಿನೆಂಟು ವರ್ಷದಿಂದ ಮಿಷನ್ನುಗಳಿಗೆ ಬೆಲ್ಟು ಓಡುವ ಪುಲ್ಲಿ ಚಕ್ರ, ಶಾಫ್ಟು ಕಡೆದು ಕೊಡುತ್ತಿದ್ದಳು.

ಒಂದು ಬೆಳಗ್ಗೆ ಕಲ್ಯಾಣದುರ್ಗದ ಕೊಟ್ಟೂರಪ್ಪ ಅಂಗಡಿಗೆ ನುಗ್ಗಿದವನೇ ಅವಳ ಎಡಗಿವಿಗೆ ಬಾರಿಸಿದ. ಲೇತಿನ ಮೇಲೆ ಬಿದ್ದವಳ ಜುಟ್ಟು ಹಿಡಿದೆತ್ತಿ ಮತ್ತೆ ಹೊಡೆದ. ಕಿವಿಯಿಂದ ರಕ್ತ ಇಳಿಯಿತು.

“ನಿನ್ ಪುಲ್ಲಿ ಸಿಡಿದು ನನ್ ತಮ್ಮ ಅಂಜಿ ಸತ್ತೋದ ಕಣೇ! ಎದೇನೇ ಸೀಳ್ಬುಡ್ತು!”

ಅಂಜಿ ಮಿಲ್ಲೊಂದರಲ್ಲಿ ಕಡಲೆಕಾಯಿ ಬಿಡಿಸುವ ಮಿಷನ್ನಿನ ಮುಂದೆ ಕೆಲಸಕ್ಕಿದ್ದ. ತ್ರಿವೇಣಿ ಮಾಡಿದ ಪುಲ್ಲಿಯೇ ಕಳಪೆಯೆಂದು ಮಿಲ್ಲಿನ ಮಾಲೀಕ ತಿರುಮಲೇಶ್ ಹೇಳಿದ್ದ. ಕೊಟ್ಟೂರಪ್ಪ ತಂದಿದ್ದ ಚೀಲ ಕೊಡವಿದ. ರಕ್ತ ಒಣಗಿದ ಕಬ್ಬಿಣದ ಚೂರೊಂದು ನೆಲಕ್ಕೆ ಬಿತ್ತು.

ತ್ರಿವೇಣಿ ಗೋಡೆ ಹಿಡಿದು ಎದ್ದಳು. “ನಾನು ಕೊಟ್ಟಿದ್ದು ಹದಿನಾರು ಇಂಚಿಂದು ಕಣಪ್ಪ. ಇದು ಅಷ್ಟು ದೊಡ್ಡ ಪುಲ್ಲೀದಲ್ಲ.”

“ಚೂರು ನೋಡಿ ಹೆಂಗ್ ಹೇಳ್ತೀಯೆ?”

ಅವಳು ಚೂರಿನ ಬಾಗಿದ ಅಂಚಿನ ಎರಡು ತುದಿಗೆ ದಾರ ಬಿಗಿದಳು. ಎಂಟು ಇಂಚು. ದಾರದ ನಡುವಿನಿಂದ ಬಾಗಿನ ನೆತ್ತಿಗೆ ಎರಡು ಇಂಚು.

“ಎಂಟರಲ್ಲಿ ಅರ್ಧ ನಾಕು. ನಾಕ್ನಾಕ್ಲಿ ಹದಿನಾರು. ಅದನ್ನ ಈ ಎರಡರಿಂದ ಭಾಗಿಸಿದ್ರೆ ಎಂಟು. ಎಂಟಕ್ಕೆ ಎರಡು ಸೇರ್ಸು, ಹತ್ತು. ಪೂರ್ತಿ ಪುಲ್ಲಿ ಅಡ್ಡಳತೆ ಹತ್ತೇ ಇಂಚು.”

“ಲೆಕ್ಕ ಹೇಳಿ ಮೋಸ ಮಾಡ್ತೀಯಾ?” ಅವನ ಕೈ ಮತ್ತೆ ಮೇಲೆದ್ದಿತು.

ಅವಳು ಹಿಂಜರಿಯಲಿಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ವೃತ್ತ ಬರೆದಳು: ಒಂದಕ್ಕೆ ಕೇಂದ್ರದಿಂದ ಎಂಟು ಇಂಚು, ಇನ್ನೊಂದಕ್ಕೆ ಐದು. ದೊಡ್ಡದರ ಮೇಲೆ ಚೂರು ಕೂರಲಿಲ್ಲ. ಚಿಕ್ಕದರ ಗೆರೆಯ ಮೇಲೆ ಕೂದಲೆಳೆಯೂ ಆಚೀಚೆಯಾಗದೆ ಕೂತಿತು.

“ಚಿಕ್ಕ ಪುಲ್ಲಿ ಹಾಕಿದ್ರೆ ಮಿಷನ್ ಜೋರಾಗಿ ತಿರುಗ್ತೈತೆ. ಬೇಗ ಕೆಲ್ಸ ಮುಗೀಲಿ ಅಂತ ತಿರುಮಲೇಶ ಯಾವ್ದೋ ಹಳೇದು ಹಾಕವ್ನೆ, ಆ ಜೋರಿಗೆ ತಡೀದೆ ಸಿಡಿದೈತೆ. ನಡಿ, ನನ್ನದು ಎಲ್ಲೈತೆ ನೋಡಾನ.”

ಇಬ್ಬರೂ ಜೀಪು ಹತ್ತಿ ಮಿಲ್ಲಿಗೆ ಹೊರಟರು. ಅವಳ ಸೆರಗು ಭುಜದವರೆಗೂ ಕೆಂಪಾಗಿತ್ತು.

ಮಿಲ್ಲಿನ ಗೋಣಿಚೀಲಗಳ ಹಿಂದೆ ಹದಿನಾರು ಇಂಚಿನ ಪುಲ್ಲಿ ಹಾಗೇ ಬಿದ್ದಿತ್ತು. ತಿರುಮಲೇಶ್ ತೊದಲಿದ: “ಸೀಜನ್ ಕಣಪ್ಪ... ಲಾರಿ ಕಾಯ್ತಿತ್ತು...”

ಕೊಟ್ಟೂರಪ್ಪ ಜೊತೆಗೆ ತಂದಿದ್ದ ಚೂರನ್ನೇ ಎತ್ತಿ ಅವನ ಬಾಯಿಗೆ ಬೀಸಿದ. ಹಲ್ಲು ಉದುರಿದವು. ಎರಡನೆಯ ಏಟಿಗೆ ದವಡೆ ಮುರಿಯಿತು, ಮೂರನೆಯದು ಕಣ್ಣಿಗೆ ಬಿತ್ತು. ತ್ರಿವೇಣಿ ನಿಂತು ನೋಡುತ್ತಿದ್ದಳು. ತನ್ನ ಮೇಲೆ ಸುಳ್ಳು ಹೊರಿಸಿದವನು, ಹೊಡೆಯಲಿ ಎಂದೇ ಅವಳಿಗನಿಸಿತ್ತು. ಕಣ್ಣಿನ ಗುಂಡಿಯಿಂದ ರಕ್ತ ಚಿಮ್ಮಿದಾಗಲೇ ಅವಳು ಹಾರಿ ಕೊಟ್ಟೂರಪ್ಪನ ತೋಳಿಗೆ ಜೋತುಬಿದ್ದದ್ದು.

“ಸಾಕು ಬಿಡಲಾ! ಸತ್ತೋಗ್ತಾನೆ!”

ತಿರುಮಲೇಶನ ಜೀವ ಉಳಿಯಿತು, ಕಣ್ಣು ಹೋಯಿತು. ಅಂಜಿಯ ಸಾವಿಗಾಗಿ ಅವನ ಮೇಲೆ ಒಂದು ಕೇಸು, ಹೊಡೆದದ್ದಕ್ಕೆ ಕೊಟ್ಟೂರಪ್ಪನ ಮೇಲೆ ಇನ್ನೊಂದು. ಎರಡಕ್ಕೂ ತ್ರಿವೇಣಿಯೇ ಸಾಕ್ಷಿ. ಅವಳು ಕಂಡದ್ದನ್ನು ಕಂಡ ಹಾಗೇ ಹೇಳಿದಳು. ಇಬ್ಬರಿಗೂ ಜೈಲಾಯಿತು.

ಕೋರ್ಟಿನ ಮೆಟ್ಟಿಲ ಮೇಲೆ ಕೊಟ್ಟೂರಪ್ಪನ ತಾಯಿ ರಾಮಕ್ಕ ಅವಳ ದಾರಿಗೆ ಅಡ್ಡ ನಿಂತಳು. “ಒಬ್ಬ ಮಗ ಮಣ್ಣಾದ. ಇನ್ನೊಬ್ಬನ್ನ ನೀನು ಒಳಕ್ಕೆ ಹಾಕಿಸ್ದೆ.”

ತ್ರಿವೇಣಿ ಆ ಮುದುಕಿಯ ಕೈ ಹಿಡಿಯಲು ಹೋದಳು. ರಾಮಕ್ಕ ಕೈ ಕೊಡವಿಕೊಂಡು ಬಸ್ಸಿನ ಕಡೆ ನಡೆದಳು.