ಸಿಲ್ವೋ ನಾಯಿ ತಿರುಗಾಡಿಸಿದ ಬೇಸಿಗೆ

ನಮ್ಮ ಪಕ್ಕದ ಮನೆಯ ಸಿಲ್ವೋ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ಆಯುಷ್ಯ ಕಳೆದವನು. ಮಾತು ಕಮ್ಮಿ, ಕೈಕೆಲಸ ಅಚ್ಚುಕಟ್ಟು. ಸ್ಲೊವೇನಿಯಾದ ಈ ಹೊಳೆದಂಡೆಯ ಊರಲ್ಲಿ ಅವನು ಕಟ್ಟಿಕೊಡದ ಸೌದೆಕೊಟ್ಟಿಗೆಯಿಲ್ಲ. ಹೆಂಡತಿ ಸ್ತಾಂಕಾ ಅವನಿಗೆ ತದ್ವಿರುದ್ಧ. ಪ್ರತಿದಿನ ಬೆಳಿಗ್ಗೆ ಲಿಸ್ಕಾ ಎಂಬ ಚುಕ್ಕೆನಾಯಿಯನ್ನು ಹಿಡಿದು ಹೊಳೆಗುಂಟ ಹೊರಟರೆ, ಮುಳ್ಳಿಲಿ ಎಲ್ಲಿ ಮಲಗಿದೆ, ಕಲ್ಲಿನಡಿ ಯಾವ ಕಪ್ಪೆ ಕೂತಿದೆ ಎಂದೆಲ್ಲ ನೋಡಿಕೊಂಡು, ಮುಖ ಅರಳಿಸಿಕೊಂಡು ಬರುತ್ತಿದ್ದಳು.

ಆ ಮೇ ತಿಂಗಳಲ್ಲಿ ಅವಳ ಜೀವವೆಲ್ಲ ಹಳೆಯ ಒಡ್ಡಿನ ಬಳಿ ಇತ್ತು. ಅಲ್ಲಿ ಬೀಳುವ ನೀರಿನ ಹಿಂದೆ ಒಂದು ಕಂದು ಹಕ್ಕಿ ಗೂಡು ಕಟ್ಟಿತ್ತು. ಎದೆ ಬೆಳ್ಳಗೆ; ನೀರೊಳಗೆ ಮುಳುಗಿ ತಳದ ಕಲ್ಲುಗಳ ಮೇಲೆ ನಡೆದು ಹುಳ ಹಿಡಿಯುವ ಹಕ್ಕಿ. ಸ್ತಾಂಕಾ ಅದನ್ನು ಎದೆಬಿಳಿ ಎನ್ನುತ್ತಿದ್ದಳು. ಮರಿಗಳು ಗೂಡಿನಿಂದ ಹೊರಗೆ ಹಾರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವಳ ಆಸೆ. ಅಷ್ಟರಲ್ಲಿ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ನಾಯಿ ಸಿಲ್ವೋನ ಪಾಲಿಗೆ ಬಂತು.

ಮೊದಲ ದಿನವೇ ಲಿಸ್ಕಾ ಅವನನ್ನು ದರದರ ಎಳೆದುಕೊಂಡು ಹೋಗಿ ಒಡ್ಡಿನ ಬಳಿಯ ಬೆಂಚಿನ ಮುಂದೆ ನಿಲ್ಲಿಸಿತು. ಬೆಂಚಿನ ಮೇಲೆ ಆಲ್ಬಿನ್ ಕೂತಿದ್ದ. ಹೊಳೆಯಾಚೆ ಜೇನು ಸಾಕಿಕೊಂಡಿರುವ ವಿಧುರ. ನಾಯಿ ಅವನ ಬೂಟುಗಳ ಮೇಲೆ ತನ್ನ ಮನೆ ಎನ್ನುವ ಹಾಗೆ ಮಲಗಿತು.

ಆಲ್ಬಿನ್, "ಸ್ತಾಂಕಾ ಬರಲಿಲ್ವಾ? ನಿನ್ನೆನೂ ಕಾದೆ," ಎಂದ.

ಸಿಲ್ವೋ ಕಾಲಿನ ವಿಷಯ ಹೇಳಿದ. ಆಲ್ಬಿನ್ ಪೇಚಾಡಿಕೊಂಡು, ಎದೆಬಿಳಿಯ ಮರಿಗಳು ಇವತ್ತು ಬೆಳಿಗ್ಗೆಯಷ್ಟೇ ಹಾರಿಹೋದವು, ತಪ್ಪದೆ ಅವಳಿಗೆ ತಿಳಿಸು ಎಂದ.

ಎದೆಬಿಳಿ. ಅದು ತನ್ನ ಮನೆಯೊಳಗಿನ ಮಾತೆಂದು ಸಿಲ್ವೋ ತಿಳಿದಿದ್ದ. ಈಗ ಅದು ಪರರ ಬಾಯಲ್ಲಿತ್ತು. ಎಳೆಯ ವಯಸ್ಸಿನಲ್ಲಿ ಊರಿನ ಅಗ್ನಿಶಾಮಕ ದಳದವರು ನಡೆಸುತ್ತಿದ್ದ ಕುಣಿತದ ಕೂಟದಲ್ಲಿ ಆಲ್ಬಿನ್ ಸ್ತಾಂಕಾಳ ಜೊತೆ ಹೆಜ್ಜೆ ಹಾಕಿದ್ದು, ಅಷ್ಟು ವರ್ಷ ನೆನಪಿಗೇ ಬಾರದ್ದು, ಈಗ ಕಣ್ಣಿಗೆ ಕಟ್ಟಿತು. ಮನೆಗೆ ಬಂದವನನ್ನು ಸ್ತಾಂಕಾ ದಿಂಬಿನಿಂದ ಎದ್ದು ಕೂತು, ಮರಿಗಳು ಹಾರಿದವಾ ಎಂದು ಕೇಳಿದಳು. ಮರಿಗಳು ಇನ್ನೂ ಗೂಡಲ್ಲೇ ಇವೆ ಎಂದುಬಿಟ್ಟ. ಆಲ್ಬಿನ್ ಹೆಸರೆತ್ತಲಿಲ್ಲ.

ಆಮೇಲೆ ದಿನವೂ ಅದೇ ಸುಳ್ಳು. ನಾಯಿ ತಿರುಗಾಡಿಸಲು ಗಡ್ಡ ಹೆರೆದುಕೊಂಡು ಹೋಗತೊಡಗಿದ. ಒಡ್ಡಿನ ದಾರಿ ಬಿಟ್ಟು ಬೇರೆ ಕಡೆ ತಿರುಗಿಸಿದರೆ ಲಿಸ್ಕಾ ನೆಲಕ್ಕೆ ಅಂಟಿಕೊಂಡು ಕೂರುತ್ತಿತ್ತು. ಅವನಿಗೆ ನಾಯಿಯ ಮೇಲೂ ಸಿಟ್ಟು.

ಕಾಲೂರುವಷ್ಟಾದ ಕೂಡಲೇ ಸ್ತಾಂಕಾ, ಅವನು ಅಂಗಡಿಗೆ ಹೋಗಿದ್ದಾಗ, ನನ್ನ ತೋಳು ಹಿಡಿದು ಕುಂಟುತ್ತಾ ಒಡ್ಡಿಗೆ ಹೊರಟಳು. ಮರಿಗಳು ತನಗಾಗಿಯೇ ಕಾಯುತ್ತಿವೆ ಎಂದು ದಾರಿಯುದ್ದಕ್ಕೂ ಹೇಳಿದಳು. ಬೆಂಚಿನಲ್ಲಿದ್ದ ಆಲ್ಬಿನ್ ಎದ್ದು ಜಾಗ ಬಿಟ್ಟ.

"ಗೂಡು ಖಾಲಿಯಾಗಿ ವಾರದ ಮೇಲಾಯ್ತಲ್ಲ. ಸಿಲ್ವೋ ಹೇಳಲಿಲ್ವಾ?"

ಸ್ತಾಂಕಾ ನೀರನ್ನೇ ನೋಡುತ್ತಾ ಕೂತಳು. ಆಮೇಲೆ ನನ್ನ ತೋಳು ಹಿಡಿದು ಹಿಂದಿರುಗಿದಳು. ಮನೆಯಂಗಳದಲ್ಲಿ ಸಿಲ್ವೋ ಸೌದೆ ಒಡೆಯುತ್ತಿದ್ದ. ಅವಳು ನಾನಿರುವುದನ್ನೂ ಲೆಕ್ಕಿಸದೆ, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದಳು.

"ದಿನಾ ಆಲ್ಬಿನ್ ಜೊತೆ ಕೂರ್ತೀನಿ ಅಂತ ನೀನು ನನಗೆ ಹೇಳಿದ್ಯಾ?" ಎಂದ ಅವನು.

"ಮದುವೆಯಾದಾಗಿಂದ ಕಂಡಿದ್ದನ್ನೆಲ್ಲ ಬಂದು ನಿನಗೇ ಹೇಳ್ತಿದ್ದೆ ಸಿಲ್ವೋ. ನೀನು ಸೂಪಿನ ಬಟ್ಟಲಿಂದ ತಲೆ ಎತ್ತಲಿಲ್ಲ. ಅವನು ಕೇಳಿಸ್ಕೊಂಡ. ಅಷ್ಟೇ ನಮ್ಮಿಬ್ಬರ ಮಧ್ಯೆ ಇರೋದು."

ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ, ಇನ್ನೂ ಉರಿಯಿತು. ಅವರಿಬ್ಬರ ಮಧ್ಯೆ ಬೇರೇನಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ಕೇಳಿಸಿಕೊಂಡವನ ಜೊತೆ ಏನೆಂದು ಜಗಳ ತೆಗೆಯುವುದು?

ಸ್ತಾಂಕಾ ಅವನಿಗೆ ಹೊಳೆಯ ಸುದ್ದಿ ಹೇಳುವುದನ್ನು ನಿಲ್ಲಿಸಿದಳು. ಬೆಳಗಿನ ತಿರುಗಾಟ ಅವಳದು, ಸಂಜೆಯದು ಅವನದು ಎಂದಾಯಿತು. ಆಲ್ಬಿನ್‌ನನ್ನು ಮೀರಿಸುವಂಥದ್ದೇನಾದರೂ ಕಾಣಬೇಕೆಂದು ಸಿಲ್ವೋ ಪೊದೆಪೊದೆ ಇಣುಕಿದ. ಬಸವನಹುಳುಗಳು ಸಿಕ್ಕವು. ತನ್ನದೇ ಹಳೆಯ ಕೈಗವಸು ಸಿಕ್ಕಿತು.

ಜುಲೈಯಲ್ಲಿ ಒಂದು ಸಂಜೆ, ಮುಚ್ಚಿಹೋದ ಮಿಲ್ಲಿನ ದಿಮ್ಮಿರಾಶಿಯ ಬಳಿ ಲಿಸ್ಕಾ ಕಿವಿ ನಿಮಿರಿಸಿ ನಿಂತಿತು. ತನ್ನ ಬೆರಳುದ್ದದ ಮರಿಯ ಕತ್ತು ಕಚ್ಚಿಕೊಂಡು ಒಂದು ಕಿರುಮುಂಗುಸಿಯಂಥ ಕಂದು ಪ್ರಾಣಿ ದಾರಿ ದಾಟಿತು. ವೀಸಲ್, ಮರಿಗಳನ್ನು ಬೇರೆ ಬಿಲಕ್ಕೆ ಸಾಗಿಸುತ್ತಿತ್ತು. ತಿರುಗಿ ಬಂತು, ಇನ್ನೊಂದನ್ನು ಒಯ್ದಿತು, ಮತ್ತೆ ಬಂತು. ಸಿಲ್ವೋ ಉಸಿರು ಬಿಗಿಹಿಡಿದು ನೋಡಿದ. ಆಲ್ಬಿನ್ ಅವನಿಗೆ ನೆನಪಾಗಲೇ ಇಲ್ಲ.

ಆ ಹೊತ್ತು ನಾನು ಅವರ ಅಡುಗೆಮನೆಯಲ್ಲಿ ಸ್ತಾಂಕಾಳ ಜೊತೆ ಬೀನ್ಸ್ ಬಿಡಿಸುತ್ತಿದ್ದೆ. ಬೂಟು ಕಳಚದೆ ಒಳಗೆ ಬಂದವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಅಷ್ಟು ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಸ್ತಾಂಕಾಳ ಕೈ ನಿಂತಿತು. ಅವಳ ಮುಖ ಸಣ್ಣದಾಯಿತು.

"ನಾನು ಇಷ್ಟು ವರ್ಷ ಓಡಾಡಿದೀನಿ. ಒಂದ್ಸಲನೂ ಕಂಡಿಲ್ಲ," ಎಂದಳು. ಆಮೇಲೆ, "ಆಲ್ಬಿನ್‌ಗೆ ಹೇಳಿದ್ಯಾ?" ಎಂದಳು.

"ಇಲ್ಲ. ಮೊದಲು ನಿನಗೆ."

ಅವಳು ಬೀನ್ಸ್ ಪಕ್ಕಕ್ಕೆ ಸರಿಸಿ, ಮೊದಲಿಂದ ಹೇಳು, ಯಾವ ಕಡೆಯಿಂದ ಬಂತು, ನಿಧಾನಕ್ಕೆ ಹೇಳು ಎಂದಳು.

ಮರುದಿನ ಬೆಳಿಗ್ಗೆ ಸ್ತಾಂಕಾ ಅದನ್ನೆಲ್ಲ ಆಲ್ಬಿನ್‌ಗೆ ಹೇಳಿಬಿಟ್ಟಳು. ತಾನೇ ಹೇಳಿ ಅವನ ಮುಖ ನೋಡಬೇಕೆಂದಿದ್ದ ಸಿಲ್ವೋ ಎರಡು ದಿನ ಮುನಿಸಿಕೊಂಡ. ಈಗ ಬೆಳಿಗ್ಗೆ ಗಂಡ, ಹೆಂಡತಿ, ನಾಯಿ ಮೂವರೂ ಒಟ್ಟಿಗೆ ಒಡ್ಡಿಗೆ ಹೋಗುತ್ತಾರೆ. ಬೆಂಚಿನಲ್ಲಿ ಸಿಲ್ವೋ ಯಾವಾಗಲೂ ಸ್ತಾಂಕಾಳಿಗೂ ಆಲ್ಬಿನ್‌ಗೂ ನಡುವೆ ಕೂರುತ್ತಾನೆ.